ಚಾಲುಕ್ಯರ ಊಟ ಮತ್ತು ನನ್ನ ಬಡಾಯಿ

ಭಾನುವಾರ ಬಂತಂದ್ರೆ ನಮ್ಮನೆ ಒಲೆ ನನ್ನ ವಶ. ಕಟ್ಟಿಕೊಂಡ ಹೆಂಡತಿ ಆ ದಿನ ಅಡುಗೆಮನೆ ಕಡೆ ಹಾಯೋದಿಲ್ಲ (ಆಮೇಲೆ ಪಾತ್ರೆ ರಾಶಿ ನೋಡಿ ಬೈತಾಳೆ, ಅದು ಬೇರೆ ಮಾತು). ಮಾಡೋದೇನು ದೊಡ್ಡದಲ್ಲ. ಎಣ್ಣೆಗಾಯಿ, ಝುಣಕಾ, ಶೇಂಗಾ ಹಿಂಡಿ, ಜೋಳದ ರೊಟ್ಟಿ. ನಮ್ಮೂರು ಅಂಕಲಿ, ಚಿಕ್ಕೋಡಿ ತಾಲೂಕು, ಕೃಷ್ಣಾ ದಂಡೆ. ಇದೇ ಕೃಷ್ಣೆಯ ಮೇಲೆ ಮೇಲ್ಗಡೆ ಸಾಂಗಲಿ ಹತ್ತಿರ ಇನ್ನೊಂದು ಅಂಕಲಿ ಇದೆ. ಅಲ್ಲಿಯವರೂ ಇದನ್ನೇ ಉಣ್ತಾರೆ, ರೊಟ್ಟಿಗೆ ಭಾಕರಿ ಅಂತಾರೆ ಅಷ್ಟೇ!

ರೊಟ್ಟಿ ಬಡಿಯೋದು ಕಲಿಯೋಕೆ ನನಗೆ ಒಂದು ವರ್ಷ ಹಿಡೀತು. ಮೊದಮೊದಲು ಅಂಚೆಲ್ಲ ಸೀಳಿ ಹೋಗ್ತಿತ್ತು. ಅವ್ವ ಫೋನಿನಲ್ಲೇ ಪಾಠ ಮಾಡಿದಳು, "ನೀರು ಕುದೀಬೇಕೋ ತಮ್ಮಾ, ತಣ್ಣೀರು ಹಾಕಿದ್ರ ಜ್ವಾಳ ನಿನ್ನ ಮಾತು ಕೇಳಂಗಿಲ್ಲ". ಗೋದಿಗಿರುವ ಅಂಟು ಜೋಳಕ್ಕಿಲ್ಲ. ಕುದಿನೀರಿಗೆ ಅದರ ಪಿಷ್ಟ ಅರೆಬೆಂದು ಜಿಗಿ ಬಿಟ್ಟಾಗ ಮಾತ್ರ ರೊಟ್ಟಿ ಕೈಗೆ ಬರುತ್ತೆ. ಇದನ್ನ ಅವ್ವ ಯಾವ ಪುಸ್ತಕದಲ್ಲೂ ಓದಿಲ್ಲ.

ಹಿಂಗೇ ಒಂದು ಭಾನುವಾರ ಮೈಸೂರು ಕಡೆಯ ಗೆಳೆಯನೊಬ್ಬ ಊಟಕ್ಕೆ ಬಂದಿದ್ದ. ನಾನು ಹುರುಪಿನಲ್ಲಿ "ಇದು ಚಾಲುಕ್ಯರ ಕಾಲದ ಊಟ ಕಣಯ್ಯಾ, ಸಾವಿರ ವರ್ಷದ್ದು" ಅಂದೆ. ಅವನು ಮೂಗೊರೆಸಿಕೊಳ್ತಾ ಕೇಳಿದ, "ಚಾಲುಕ್ಯರಿಗೆ ಈ ಮೆಣಸಿನಕಾಯಿ ಯಾರು ಕೊಟ್ರು?"

ಉತ್ತರ ಇರಲಿಲ್ಲ. ಅವತ್ತು ರಾತ್ರಿಯಿಂದ ಓದಲು ಶುರು ಮಾಡಿದೆ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗ ಅಂತ ಒಂದು ಭಾಗವೇ ಇದೆ. ಇಡ್ಲಿ ದೋಸೆಗಳ ಹಿರಿಯರು ಅಲ್ಲಿದ್ದಾರೆ. ಮಂಡಕ ಅಂತೊಂದು ಗೋದಿಯ ಭಕ್ಷ್ಯ ಬರುತ್ತೆ, ನಮ್ಮ ಬೆಳಗಾವಿ ಮಂಡಿಗೆ ನೆನಪಾಗದೇ ಇರಲ್ಲ. ಸುಟ್ಟ ಇಲಿ, ಆಮೆ ಕೂಡ ಇವೆ, ಅದನ್ನ ಗೆಳೆಯನಿಗೆ ಹೇಳಲಿಲ್ಲ :) ಅದಕ್ಕೂ ಮೊದಲು, 1025ರಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲೂ ಅಡುಗೆಯ ಅಧ್ಯಾಯ ಇದೆ. ಆಮೇಲೆ 1508ರ ಸುಮಾರಿಗೆ ಮೂರನೇ ಮಂಗರಸನ 'ಸೂಪಶಾಸ್ತ್ರ' ಬಂತು, ಷಟ್ಪದಿಯಲ್ಲಿ ಬರೆದ ಅಡುಗೆ ಪುಸ್ತಕ! ಬದನೆಕಾಯಿಗೆ ಅದರಲ್ಲಿ ಒಳ್ಳೇ ಮರ್ಯಾದೆ. ಆದರೆ ಮೂರರಲ್ಲೂ ಮೆಣಸಿನಕಾಯಿ ಇಲ್ಲ, ಇರೋಕೆ ಸಾಧ್ಯವೂ ಇಲ್ಲ. ಖಾರ ಅಂದ್ರೆ ಆಗ ಕರಿಮೆಣಸು, ಶುಂಠಿ. ಮಂಗರಸ ಬರೆದ ಎರಡು ವರ್ಷಕ್ಕೆ, 1510ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದರು. ಅಮೆರಿಕಾದ ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದು ಅವರ ಹಡಗುಗಳಲ್ಲಿ. ನಮ್ಮವರು ಅದಕ್ಕೆ ಹೊಸ ಹೆಸರು ಹುಡುಕೋ ಗೋಜಿಗೂ ಹೋಗಲಿಲ್ಲ, ಮೆಣಸಿನ ಹೆಸರಿಗೇ 'ಕಾಯಿ' ಅಂಟಿಸಿದರು.

ಸರಿ, ಶೇಂಗಾ? ಅದೂ ದಕ್ಷಿಣ ಅಮೆರಿಕಾದ್ದೇ, ಹೆಸರು ಮರಾಠಿಯದು. ಗುರೆಳ್ಳು ಇಥಿಯೋಪಿಯಾದ್ದು. ತಾಟಿನಲ್ಲಿ ಇಲ್ಲಿಯ ಮಣ್ಣಿನದು ಅನ್ನೋಕೆ ಬದನೆಕಾಯಿ, ಎಳ್ಳು ಉಳಿದವು. ಕೊನೇ ಆಸೆ ಜೋಳದ ಮೇಲಿತ್ತು. ಅದೂ ಆಫ್ರಿಕಾದ್ದು, ಸುಡಾನ್ ಕಡೆ ಐದು ಸಾವಿರ ವರ್ಷದ ಹಿಂದೆ ಒಕ್ಕಲಾದದ್ದು! ಆದರೆ ಇಲ್ಲಿಗೆ ಬಂದು ಸುಮಾರು ನಾಲ್ಕು ಸಾವಿರ ವರ್ಷ ಆಗಿದೆ. ಅಷ್ಟು ದಿನ ಇದ್ದ ಬೀಗರಿಗೆ ಮನೆಯವರು ಅನ್ನದೇ ಇನ್ನೇನನ್ನೋದು, ನೀವೇ ಹೇಳಿ.

ಓದ್ತಾ ಓದ್ತಾ ನನ್ನ ಬಡಾಯಿ ಇಳೀತು. ಆದರೆ ಕೈ ನಿಂತದ್ದು ಇನ್ನೊಂದು ಕಡೆ.

1876-78ರ ದೊಡ್ಡ ಬರ. ಆಗ ಬೆಳಗಾವಿ, ಕಲಾದಗಿ, ಧಾರವಾಡ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಳೆ ಹೋಯ್ತು, ಜೋಳ ಹೋಯ್ತು. ಜನ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು, ಮಣ್ಣು ಹೊರಲು ಹೋದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ಸಾಹೇಬರು ಖರ್ಚು ಉಳಿಸಲು ಕೂಲಿ ಇಳಿಸಿದರು. ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ. ಪುಣೆಯ ಸಾರ್ವಜನಿಕ ಸಭಾ ಇದನ್ನು ವಿರೋಧಿಸಿತು, ಮುಂಬಯಿ ಪ್ರಾಂತ್ಯದಲ್ಲಿ ಎಷ್ಟೋ ಕಡೆ ಆಳುಗಳು ಕೆಲಸ ಬಿಟ್ಟು ಎದ್ದು ಹೋದರು.

ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಓದುವಾಗ ಅದು ಬರೀ ಅಂಕಿ. ನನಗೆ ಸುಮ್ಮನಿರೋಕೆ ಆಗಲಿಲ್ಲ, ಮುಂದಿನ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ 450 ಗ್ರಾಂ ಹಿಟ್ಟು ತೂಗಿ ಬಡಿದೆ. ಏಳು ರೊಟ್ಟಿ ಆದವು, ಕಡೇದು ಸಣ್ಣದು. ಕುರ್ಚಿ ಮೇಲೆ ಕೂತು ದುಡಿಯೋ ನಾನೇ ಭಾನುವಾರ ಒಂದೇ ಊಟಕ್ಕೆ ನಾಲ್ಕು ತಿಂತೀನಿ, ಪಲ್ಯ, ಹಿಂಡಿ, ಮೊಸರು ಹಚ್ಚಿಕೊಂಡು. ಅವರು ದಿನವಿಡೀ ಕಲ್ಲು ಒಡೆದು ಈ ಏಳು. ಆ ಒಂದಾಣೆಯಲ್ಲಿ ಉಪ್ಪು, ಸೌದೆ ಎಲ್ಲ ಬರಬೇಕು. ತಾಟಿನ ಮುಂದೆ ಕೂತವನಿಗೆ ಸ್ವಲ್ಪ ಹೊತ್ತು ಉಣ್ಣೋಕೆ ಮನಸ್ಸಾಗಲಿಲ್ಲ.

ಅವ್ವನ ಸಿಟ್ಟು ಆಗ ಅರ್ಥ ಆಯ್ತು ಅನ್ಸುತ್ತೆ. ಸಣ್ಣವನಿದ್ದಾಗ ರೊಟ್ಟಿ ಅರ್ಧ ಬಿಟ್ಟೆದ್ದರೆ ಬೆನ್ನಿಗೆ ಬೀಳ್ತಿತ್ತು. ನಮ್ಮ ಮನೆಯಲ್ಲಿ ರೊಟ್ಟಿ ಕೆಡೋದೇ ಇಲ್ಲ. ಬಿಸಿ ಇದ್ದರೆ ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಮುಟಗಿ, ತಂಗಳಾದರೆ ಮಜ್ಜಿಗೆಯಲ್ಲಿ ಮುರಿದು ಹಾಕೋದು, ಇಲ್ಲಾಂದ್ರೆ ಒಣಗಿಸಿ ಖಡಕ್ ಮಾಡಿ ಬುಟ್ಟಿಗೆ. ಇದೆಲ್ಲ ರುಚಿಗೆ ಹುಟ್ಟಿದ್ದು ಅಂದ್ಕೊಂಡಿದ್ದೆ. ಎಲ್ಲವೂ ಹಂಗಿರಲಿಕ್ಕಿಲ್ಲ.

ಈಗ ಅಂಕಲಿ ಸುತ್ತ ಕಣ್ಣು ಹಾಯಿಸಿದರೆ ಕಬ್ಬೋ ಕಬ್ಬು. ಹೊಳೆಯಾಚೆ ಉಗಾರದ ಸಕ್ಕರೆ ಕಂಪನಿ 1939ರದ್ದು. ಆಮೇಲೆ ಕಾರ್ಖಾನೆ ಹೆಚ್ಚಾದವು, ಪಂಪು ಬಂದವು, ಜೋಳದ ಹೊಲ ಕಬ್ಬಾದವು. ತಪ್ಪು ಅನ್ನಲಾರೆ, ನನ್ನ ಕಾಲೇಜು ಫೀಜು ಆ ಕಬ್ಬಿನ ಬಿಲ್ಲಿನಲ್ಲೇ ಕಟ್ಟಿದ್ದು. ಆದರೆ ನಮ್ಮನೆಗೆ ಜೋಳ ಈಗ ವಿಜಯಪುರದಿಂದ ಚೀಲದಲ್ಲಿ ಬರುತ್ತೆ. ನಾಲ್ಕು ಸಾವಿರ ವರ್ಷದ ಬೀಗರು ಮತ್ತೆ ಪರವೂರಿನವರಾದರು!

ಮೆಣಸಿನಕಾಯಿ ಕಥೆ ಅವ್ವನಿಗೆ ಹೇಳಿದೆ. ಪೋರ್ಚುಗೀಸರು, ಹಡಗು, ಗೋವಾ ಎಲ್ಲ ಕೇಳಿಸಿಕೊಂಡಳು.

"ಇರ್ಲಿ ಬಿಡು. ಅವರಿಗೆ ರೊಟ್ಟಿ ಬಡ್ಯಾಕ ಬರ್ತಿತ್ತೇನು?"

ಇಲ್ಲ ಅಂದೆ.

"ಮತ್ತ? ನಿನ್ನೆ ಮಾಡಿದ್ದರ ಅಂಚು ಸೀಳಿತ್ತೋ ಇಲ್ಲೋ, ಅದನ್ನ ಮೊದಲ ಹೇಳು."