ಮದುವೆ ಕ್ಯಾಸೆಟ್, ಹಳದಿ ಪಿನ್ನು ಮತ್ತು ಟಿವಿ ಟ್ಯೂನರ್ ಕಾರ್ಡು

ನಮ್ಮ ಹಳ್ಳಿಗಳಲ್ಲಿ ಈಗಲೂ ಎಷ್ಟೋ ಮನೆಗಳ ಬೀರುವಿನಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ ಕಪ್ಪು ವಿಡಿಯೋ ಕ್ಯಾಸೆಟ್‌ಗಳಿವೆ. ಮದುವೆ, ಗೃಹಪ್ರವೇಶ, ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಬಯಲಾಟ, ಯಕ್ಷಗಾನ. ತೀರಿಕೊಂಡ ಅಜ್ಜನ ದನಿ ಉಳಿದಿರುವುದು ಅದೊಂದರಲ್ಲೇ ಎನ್ನುವ ಮನೆಗಳೂ ಇವೆ. ಕ್ಯಾಸೆಟ್ ಇದೆ, ಅದನ್ನು ಓಡಿಸುವ ವಿಸಿಆರ್ ಇಲ್ಲ. ಇದನ್ನು ಮೊಬೈಲಿಗೆ ಹಾಕಿಸಬಹುದಾ ಎಂದು ಕೇಳುವವರು ಬಹಳ ಮಂದಿ.

ಹಾಕಿಸಬಹುದು. ಆದರೆ ಮೊದಲ ಸಲ ಹೇಗೆ ಹಾಕಿಸುತ್ತೀರೋ, ಮುಂದೆ ಉಳಿಯುವುದು ಅಷ್ಟೇ. ಇದು ಹೊಸ ಮಾತಲ್ಲ. ಕ್ಯಾಸೆಟ್ಟಿಗೂ ಕಂಪ್ಯೂಟರಿಗೂ ನಡುವೆ ಒಂದು ಕಾಲದಲ್ಲಿ ಸೇತುವೆಯಾಗಿದ್ದ ಟಿವಿ ಟ್ಯೂನರ್ ಕಾರ್ಡಿನ ಚರಿತ್ರೆ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಅಳಿಸಿ ಬರೆಯುವ ಕಾಲ

ವಿಡಿಯೋ ಟೇಪು ಮೊದಲು ಬಂದದ್ದು ಟಿವಿ ಕೇಂದ್ರಗಳಿಗೆ. ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ಎರಡು ಇಂಚು ಅಗಲದ ಟೇಪಿನ ಯಂತ್ರವನ್ನು ತೋರಿಸಿತು. ಟೇಪು ಬಹಳ ದುಬಾರಿ. ಹಾಗಾಗಿ ಪ್ರಸಾರ ಮುಗಿದ ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ರೆಕಾರ್ಡ್ ಮಾಡುತ್ತಿದ್ದರು. ಬ್ರಿಟನ್ನಿನ ಬಿಬಿಸಿಯ 1960ರ ದಶಕದ ಎಷ್ಟೋ ಕಾರ್ಯಕ್ರಮಗಳು ಹೀಗೆ ಹೋದವು.

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಕಥೆಯೂ ಇದೇ. ಅಲ್ಲಿಂದ ಬಂದ ಮೂಲ ಚಿತ್ರವಿದ್ದ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಕೊಂಡಿರಬೇಕು ಎಂದು 2009ರಲ್ಲಿ ನಾಸಾ ಹೇಳಿತು. ಈಗ ಜಗತ್ತು ನೋಡುತ್ತಿರುವುದು ಟಿವಿ ಪ್ರಸಾರಕ್ಕೆಂದು ಬದಲಾಯಿಸಿದ, ಮೂಲಕ್ಕಿಂತ ಮಸುಕಾದ ಪ್ರತಿ. ಮೂಲ ಹೋದ ಮೇಲೆ ಅದೇ ಗತಿ.

ಮನೆಗಳಿಗೆ ಟೇಪು ಬಂದದ್ದು ಜಪಾನಿನಿಂದ. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್. ಕೊನೆಗೆ ಗೆದ್ದದ್ದು ವಿಎಚ್‌ಎಸ್. ನಿಮ್ಮ ಮನೆಯಲ್ಲಿರುವುದೂ ಹೆಚ್ಚುಕಡಿಮೆ ಅದೇ. ಅರ್ಧ ಇಂಚಿನ ಟೇಪು, ಮೂರು ಗಂಟೆಯ ಕ್ಯಾಸೆಟ್.

ನಮ್ಮಲ್ಲಿ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನ ಬಣ್ಣಕ್ಕೆ ತಿರುಗಿತು. ಅದೇ ದಶಕದಲ್ಲಿ ವಿಡಿಯೋ ಹುಚ್ಚು ಹಬ್ಬಿತು. ಟಿವಿ, ವಿಸಿಪಿ, ಜೊತೆಗೆ ಎರಡು ಮೂರು ಸಿನಿಮಾ ಕ್ಯಾಸೆಟ್ ಒಂದು ರಾತ್ರಿಗೆ ಬಾಡಿಗೆಗೆ ತಂದು ಬೀದಿಯವರೆಲ್ಲ ಕೂತು ಬೆಳಗಿನ ತನಕ ನೋಡಿದ್ದನ್ನು ಐವತ್ತು ದಾಟಿದವರನ್ನು ಕೇಳಿದರೆ ಹೇಳುತ್ತಾರೆ. ಕಳ್ಳ ಕ್ಯಾಸೆಟ್ ಎಷ್ಟು ಹೆಚ್ಚಿತೆಂದರೆ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಯನ್ನೇ ತಿದ್ದಿ ವಿಡಿಯೋವನ್ನು ಅದರೊಳಗೆ ತರಬೇಕಾಯಿತು.

ಸುದ್ದಿಯೂ ಕ್ಯಾಸೆಟ್ಟಿನಲ್ಲಿ ಬಂತು. ಟಿವಿ ಸರ್ಕಾರದ ಕೈಯಲ್ಲೇ ಇದ್ದ ಕಾಲದಲ್ಲಿ, 1988ರಲ್ಲಿ ಇಂಡಿಯಾ ಟುಡೇ ಬಳಗ 'ನ್ಯೂಸ್‌ಟ್ರ್ಯಾಕ್' ಎಂಬ ವಿಡಿಯೋ ಪತ್ರಿಕೆ ಹೊರಡಿಸಿತು. ಹಳ್ಳಿಗಳಿಗೆ ಬಂದದ್ದು ಮದುವೆ ವಿಡಿಯೋ. ಹೋಬಳಿಯ ಫೋಟೋ ಸ್ಟುಡಿಯೋದವರು ಕ್ಯಾಮೆರಾ ತಂದರು. ಹೆಗಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ. ಮನೆಯವರಿಗೆ ಸಿಕ್ಕುತ್ತಿದ್ದದ್ದು ಒಂದೋ ಎರಡೋ ಕ್ಯಾಸೆಟ್.

ಕಂಪ್ಯೂಟರಿಗೆ ಬಂದ ಕಾರ್ಡು

ವಿಎಚ್‌ಎಸ್ ಟೇಪಿನ ಮೇಲೆ ಚಿತ್ರ ಓರೆ ಗೆರೆಗಳಾಗಿ ಕೂತಿರುತ್ತದೆ. ವಿಸಿಆರ್ ಒಳಗಿನ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಎರಡು ಹೆಡ್ಡುಗಳು ಸರದಿಯ ಮೇಲೆ ಗೆರೆಗಳನ್ನು ಓದುತ್ತವೆ. ಒಂದು ಹೆಡ್ಡು ಚಿತ್ರದ ಬೆಸ ಸಾಲುಗಳನ್ನು ಕೊಟ್ಟರೆ ಇನ್ನೊಂದು ಸರಿ ಸಾಲುಗಳನ್ನು ಕೊಡುತ್ತದೆ. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಇದು ಭಾರತ ಬಳಸುವ ಪಾಲ್ ಪದ್ಧತಿ. ಅಮೆರಿಕ, ಜಪಾನುಗಳಲ್ಲಿ ಎನ್‌ಟಿಎಸ್‌ಸಿ ಎಂಬ ಬೇರೆ ಪದ್ಧತಿ. ಅಮೆರಿಕದಲ್ಲಿದ್ದ ನೆಂಟರು ಕಳಿಸಿದ ಕ್ಯಾಸೆಟ್ ಇಲ್ಲಿನ ಸಾಮಾನ್ಯ ವಿಸಿಆರ್‌ನಲ್ಲಿ ಸರಿಯಾಗಿ ಓಡದೇ ಇದ್ದದ್ದು ಇದಕ್ಕೇ.

ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳು. ಟೇಪಿನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಯಾರಾದರೂ ಅಂಕಿಯಾಗಿಸಬೇಕು. 1990ರ ದಶಕದ ನಡುವೆ ಬ್ರೂಕ್‌ಟ್ರೀ ಎಂಬ ಅಮೆರಿಕನ್ ಕಂಪನಿ ಈ ಕೆಲಸವನ್ನು ಒಂದೇ ಚಿಪ್ಪಿಗೆ ಇಳಿಸಿತು. ಬಿಟಿ848, ಆಮೇಲೆ ಬಿಟಿ878. ಈ ಚಿಪ್ಪು ಹಾಕಿದ ಕಾರ್ಡುಗಳನ್ನು ಹಲವು ಕಂಪನಿಗಳು ಮಾರಿದವು. ಹೆಸರು ಬೇರೆ ಬೇರೆ, ಪೆಟ್ಟಿಗೆ ಬೇರೆ ಬೇರೆ, ಒಳಗಿನ ಚಿಪ್ಪು ಬಹಳ ಸಲ ಒಂದೇ. ಫಿಲಿಪ್ಸ್ ಕಂಪನಿಯ ಚಿಪ್ಪಿನ ಕಾರ್ಡುಗಳೂ ಬಂದವು.

ಜನ ಈ ಕಾರ್ಡು ಕೊಂಡದ್ದು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಕೇಬಲ್ ಟಿವಿ ನೋಡಲಿಕ್ಕೆ. ಕೇಬಲ್ಲಿನಲ್ಲಿ ಒಟ್ಟಿಗೆ ಬರುವ ಚಾನೆಲ್‌ಗಳಲ್ಲಿ ಬೇಕಾದ್ದನ್ನು ಆರಿಸಿ ಕೊಡುವ ತಗಡಿನ ಡಬ್ಬಿಯೇ ಟ್ಯೂನರ್. ಕಾರ್ಡಿಗೆ ಹೆಸರು ಬಂದದ್ದು ಅದರಿಂದ. ಕ್ಯಾಸೆಟ್ ಕೆಲಸಕ್ಕೆ ಮಾತ್ರ ಆ ಟ್ಯೂನರ್ ಬೇಕೇ ಇರಲಿಲ್ಲ. ಬೇಕಾಗಿದ್ದದ್ದು ಅದರ ಪಕ್ಕದಲ್ಲಿದ್ದ ಹಳದಿ ಪಿನ್ನಿನ ಜಾಗ.

ವಿಸಿಆರ್ ಹಿಂದೆ ಎರಡು ದಾರಿ ಇರುತ್ತಿತ್ತು. ಒಂದು ಆಂಟೆನಾ ವೈರು, ಇನ್ನೊಂದು ಹಳದಿ ಪಿನ್ನು. ಆಂಟೆನಾ ವೈರಿನಲ್ಲಿ ಕೊಟ್ಟರೆ ವಿಸಿಆರ್ ತನ್ನ ಚಿತ್ರವನ್ನು ಒಂದು ಟಿವಿ ಚಾನೆಲ್ಲಿನಂತೆ ಮಾಡಿ ಕಳಿಸುತ್ತದೆ, ಕಾರ್ಡಿನ ಟ್ಯೂನರ್ ಅದನ್ನು ಮತ್ತೆ ಬಿಡಿಸುತ್ತದೆ. ಈ ಕಟ್ಟುವ ಬಿಚ್ಚುವ ಕೆಲಸದಲ್ಲಿ ಚಿತ್ರಕ್ಕೆ ಚುಕ್ಕಿ, ದನಿಗೆ ಗೊರಗೊರ ಸೇರುತ್ತಿತ್ತು. ಹಳದಿ ಪಿನ್ನಿನಲ್ಲಿ ಕೊಟ್ಟರೆ ಆ ತೊಂದರೆ ಇಲ್ಲ. ದುಬಾರಿ ಟ್ಯೂನರ್ ಕೊಂಡು ಆಂಟೆನಾ ವೈರಿನಲ್ಲಿ ಕೊಟ್ಟವರಿಗಿಂತ, ಅಗ್ಗದ ಕಾರ್ಡು ಕೊಂಡು ಹಳದಿ ಪಿನ್ನು ಚುಚ್ಚಿದವರ ಪ್ರತಿಯೇ ಚೆನ್ನಾಗಿ ಬರುತ್ತಿತ್ತು.

ಜಾಗ ಸಾಲದ ಕಾಲದ ತೀರ್ಮಾನಗಳು

ಎರಡನೇ ತೊಡಕು ಜಾಗದ್ದು. ಪಾಲ್ ಚಿತ್ರವನ್ನು ಅಂಕಿಯಾಗಿಸಿದರೆ ಅಗಲಕ್ಕೆ 720, ಎತ್ತರಕ್ಕೆ 576 ಚುಕ್ಕಿ. ಒಂದು ಚುಕ್ಕಿಗೆ ಎರಡು ಬೈಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಗಂಟೆಗೆ ಸುಮಾರು 75 ಜಿಬಿ. ಕಾರ್ಡು ಬಂದ ಕಾಲದ ಮನೆ ಕಂಪ್ಯೂಟರಿನ ಇಡೀ ಹಾರ್ಡ್‌ಡಿಸ್ಕ್ ಅಷ್ಟಿರಲಿಲ್ಲ.

ಹಾಗಾಗಿ ಬರುತ್ತಿದ್ದಂತೆಯೇ ಒತ್ತಿ ಚಿಕ್ಕದು ಮಾಡಬೇಕು. ಬಿಟಿ878 ಕಾರ್ಡು ಅದನ್ನು ಮಾಡುವುದಿಲ್ಲ, ಕಂಪ್ಯೂಟರ್ ಮಾಡಬೇಕು. ಕಂಪ್ಯೂಟರ್ ನಿಧಾನವಾದರೆ ನಡುವೆ ಚಿತ್ರಗಳು ಬಿದ್ದುಹೋಗುತ್ತಿದ್ದವು. ದನಿಯ ಕಥೆ ಇನ್ನೊಂದು. ಹಲವು ಕಾರ್ಡುಗಳಲ್ಲಿ ದನಿ ಸಣ್ಣ ವೈರಿನಲ್ಲಿ ಸೌಂಡ್ ಕಾರ್ಡಿಗೆ ಹೋಗುತ್ತಿತ್ತು. ಚಿತ್ರಕ್ಕೆ ಒಂದು ಗಡಿಯಾರ, ದನಿಗೆ ಇನ್ನೊಂದು. ಗಂಟೆ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತಿತ್ತು.

2000ದ ನಂತರ ಕಾರ್ಡಿನಲ್ಲೇ ಒತ್ತುವ ಚಿಪ್ಪು ಇರುವ ಮಾದರಿಗಳು ಬಂದವು. ಹಾಪಾಗ್ ಕಂಪನಿಯ ಪಿವಿಆರ್-250 ಅಂಥದ್ದು. ಚಿತ್ರ, ದನಿ ಎರಡನ್ನೂ ಸೇರಿಸಿ ಡಿವಿಡಿಯ ಎಂಪೆಗ್-2 ರೂಪದಲ್ಲೇ ಕೊಡುತ್ತಿತ್ತು. ಕ್ಯಾಸೆಟ್ ಕೆಲಸಕ್ಕೆ ಅದು ಒಳ್ಳೆಯ ಆಯ್ಕೆ, ಆದರೆ ಬೆಲೆ ಹೆಚ್ಚು.

ನಮ್ಮ ಕಡೆ ನಡೆದದ್ದು ಬೇರೆ. ಆಗ ಎಲ್ಲೆಡೆ ಇದ್ದದ್ದು ವಿಸಿಡಿ. ಮದುವೆ ಕ್ಯಾಸೆಟ್‌ಗಳನ್ನು ವಿಸಿಡಿಗೆ ಹಾಕಿಸಿದ ಮನೆಗಳು ಬೇಕಾದಷ್ಟಿವೆ. ವಿಸಿಡಿಯ ಅಳತೆ 352 ಅಡ್ಡ, 288 ಉದ್ದ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಹೆಚ್ಚು ವಿವರ ಇರುವುದಿಲ್ಲ, ಅಲ್ಲಿ ದೊಡ್ಡ ನಷ್ಟವಿಲ್ಲ. ಹೋದದ್ದು ಸಾಲುಗಳು. 576ರಲ್ಲಿ ಅರ್ಧ ಮಾಯ. ಸೆಕೆಂಡಿಗೆ 50 ಸಲ ದಾಖಲಾಗಿದ್ದ ಚಲನೆ 25ಕ್ಕೆ ಇಳಿಯಿತು. ಕೂತು ಹಾರ ಬದಲಾಯಿಸುವ ದೃಶ್ಯದಲ್ಲಿ ಇದು ಕಾಣದು. ಡೊಳ್ಳು ಕುಣಿತದಲ್ಲಿ, ಯಕ್ಷಗಾನದ ಹೆಜ್ಜೆಯಲ್ಲಿ ಕಾಣುತ್ತದೆ.

ಅಷ್ಟಾದರೂ ಮೂಲ ಇದ್ದಿದ್ದರೆ ಸರಿ ಮಾಡಬಹುದಿತ್ತು. ಸಿಡಿ ಬಂತಲ್ಲ ಎಂದು ಕ್ಯಾಸೆಟ್ ಎಸೆದವರೂ ಇದ್ದಾರೆ. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ಹೀಗೆ ಎಷ್ಟೋ ಕಡೆ ಕ್ಯಾಸೆಟ್ಟೂ ಇಲ್ಲ, ಸಿಡಿಯೂ ಓಡುವುದಿಲ್ಲ. ನಾಸಾದಲ್ಲಿ ಆದದ್ದೇ ನಮ್ಮ ಹೋಬಳಿಯಲ್ಲೂ ಆಯಿತು.

ಈಗ ಆರಿಸುವುದು ಹೇಗೆ

ಟ್ಯೂನರ್ ಕಾರ್ಡಿನ ಕಾಲ ಮುಗಿದಿದೆ. ಕೇಬಲ್ ಟಿವಿಯ ಡಿಜಿಟಲೀಕರಣ 2012ರಲ್ಲಿ ಮಹಾನಗರಗಳಿಂದ ಶುರುವಾಯಿತು. ಮರುವರ್ಷ ಬೆಂಗಳೂರು, ಮೈಸೂರಿನ ಸರದಿ ಬಂತು, ಆಮೇಲೆ ಉಳಿದ ಊರುಗಳದು. ಹಳೆ ಟ್ಯೂನರ್‌ಗೆ ಹಿಡಿಯಲು ಚಾನೆಲ್ಲೇ ಇಲ್ಲದಾಯಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಕೈಬಿಟ್ಟಿತು. 2017ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ, 2025ರೊಳಗೆ ಅಂಕಿಯಾಗಿಸದ ಟೇಪುಗಳು ಹೆಚ್ಚಿನವು ಕೈತಪ್ಪುತ್ತವೆ ಎಂದು ಎಚ್ಚರಿಸಿತ್ತು. ಆ ಗಡುವೂ ಬಂದುಹೋಯಿತು.

ಹಾಗೆಂದು ದಾರಿ ಮುಚ್ಚಿಲ್ಲ. ನೀವೇ ಮಾಡಿ, ಸ್ಟುಡಿಯೋದಲ್ಲಿ ಮಾಡಿಸಿ, ಈ ವಿಷಯಗಳನ್ನು ವಿಚಾರಿಸಿ.

ಮೊದಲನೆಯದು, ಹಳದಿ ಪಿನ್ನಿನಿಂದಲೇ ಚಿತ್ರ ತೆಗೆಯಬೇಕು. ಈಗ ಸಿಗುವ ಯುಎಸ್‌ಬಿ ಕ್ಯಾಪ್ಚರ್ ಸಾಧನಗಳಲ್ಲಿ ಟ್ಯೂನರ್ ಇರುವುದಿಲ್ಲ, ಹಳದಿ, ಬಿಳಿ, ಕೆಂಪು ಪಿನ್ನುಗಳಿರುತ್ತವೆ. ಅಷ್ಟೇ ಸಾಕು.

ಎರಡನೆಯದು, ಪಾಲ್, 720×576 ಎಂದು ಇಟ್ಟಿರಬೇಕು. ಎಚ್‌ಡಿ ಮಾಡಿ ಕೊಡುತ್ತೇವೆ ಎಂದರೆ ಹಿಗ್ಗಬೇಡಿ. ಟೇಪಿನಲ್ಲಿ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ. ಬೆಸ ಸಾಲು, ಸರಿ ಸಾಲುಗಳನ್ನು ಇದ್ದಂತೆಯೇ ಉಳಿಸಿಕೊಳ್ಳಲು ಹೇಳಿ.

ಮೂರನೆಯದು, ಚಿತ್ರ ಮತ್ತು ದನಿ ಒಂದೇ ಸಾಧನದ ಮೂಲಕ ಬರಬೇಕು. ಆಗ ತಾಳ ತಪ್ಪುವುದು ಕಡಿಮೆ.

ನಾಲ್ಕನೆಯದು, ಸಾಧನ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆಯೇ ನೋಡಿ. ಹಳೆಯ ಪಿಸಿಐ ಕಾರ್ಡಿಗೆ ಪಿಸಿಐ ಜಾಗವಿರುವ ಹಳೆಯ ಕಂಪ್ಯೂಟರೇ ಬೇಕು. ಹೊಸ ವಿಂಡೋಸ್‌ಗೆ ಬಹುಪಾಲು ಹಳೆ ಕಾರ್ಡುಗಳ ಡ್ರೈವರ್ ಸಿಗುವುದಿಲ್ಲ. ಲಿನಕ್ಸ್ ಮಾತ್ರ ಬಿಟಿ878 ಕಾರ್ಡನ್ನು ಈಗಲೂ ಗುರುತಿಸುತ್ತದೆ.

ಐದನೆಯದು, ದೊಡ್ಡ ಫೈಲನ್ನೇ ಕೇಳಿ ಪಡೆಯಿರಿ. ಸೆಕೆಂಡಿಗೆ 8 ಮೆಗಾಬಿಟ್‌ನ ಎಂಪೆಗ್-2 ಆದರೆ ಗಂಟೆಗೆ 3.6 ಜಿಬಿ. ಮೂರು ಗಂಟೆಯ ಕ್ಯಾಸೆಟ್ಟಿಗೆ 11 ಜಿಬಿ ಒಳಗೆ. ಇಂದಿನ ಪೆನ್‌ಡ್ರೈವಿಗೆ ಅದು ಹೊರೆಯಲ್ಲ. ವಾಟ್ಸಾಪಿಗೆ ಚಿಕ್ಕದು ಬೇಕಾದರೆ ಅದರಿಂದ ಬೇರೆ ಪ್ರತಿ ಮಾಡಿಕೊಳ್ಳಿ. ವಾಟ್ಸಾಪಿನದನ್ನೇ ಮೂಲವಾಗಿ ಇಟ್ಟುಕೊಂಡರೆ ವಿಸಿಡಿ ಕಥೆಯೇ ಮತ್ತೆ.

ಕ್ಯಾಸೆಟ್ ಹಾಕುವ ಮೊದಲು ಬೆಳಕಿಗೆ ಹಿಡಿದು ಒಳಗಿನ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ಓಡಿಸಬೇಡಿ. ಟೇಪು ಹರಿಯಬಹುದು, ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಹೆಚ್ಚು. ಅಂಥದ್ದನ್ನು ಸ್ವಚ್ಛ ಮಾಡಲು ಬಲ್ಲವರಿಗೇ ಕೊಡಿ. ಕ್ಯಾಸೆಟ್ಟಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡಿ. ಆಗ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಕಂಪನಿಗಳು ಮಾರಿದ ಸಿನಿಮಾ ಕ್ಯಾಸೆಟ್‌ಗಳಲ್ಲಿ ಕೆಲವಕ್ಕೆ ನಕಲು ತಡೆ ಇರುತ್ತದೆ, ಪ್ರತಿ ಮಾಡಿದರೆ ಚಿತ್ರ ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಗುತ್ತದೆ. ಅದು ಸಾಧನದ ತಪ್ಪಲ್ಲ. ಸಿನಿಮಾ ಹೇಗೂ ಬೇರೆಡೆ ಸಿಗುತ್ತದೆ, ಅದನ್ನು ಬಿಡಿ.

ಮೂರು ಗಂಟೆಯ ಕ್ಯಾಸೆಟ್ ಇಳಿಸಲು ಮೂರು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಹಾಗಾಗಿ ಊರಿನಲ್ಲಿ ಒಂದೇ ಪ್ರತಿ ಇರುವುದನ್ನು ಮೊದಲು ತೆಗೆದುಕೊಳ್ಳಿ. ಜಾತ್ರೆ, ಬಯಲಾಟ, ಶಾಲೆಯ ಕಾರ್ಯಕ್ರಮ, ಹಿರಿಯರು ಮಾತಾಡಿದ ಕ್ಯಾಸೆಟ್. ಇಳಿಸಿದ ಫೈಲನ್ನು ಇಬ್ಬರ ಮನೆಯಲ್ಲಿ ಇಡಿ. ಮುಗಿದ ಮೇಲೂ ಕ್ಯಾಸೆಟ್ ಎಸೆಯಬೇಡಿ. ಆಮೇಲೆ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಪೂರ್ತಿ ನೋಡಿ. ಚಪ್ಪರದ ಕೆಳಗೆ ಓಡಾಡುತ್ತಿರುವವರು ಯಾರು, ಯಾವ ವರ್ಷ, ಯಾರ ಮನೆ ಎಂದು ಕೇಳಿ ಬರೆದುಕೊಳ್ಳಿ. ಆ ಹೆಸರುಗಳು ಟೇಪಿನಲ್ಲಿ ಇರುವುದಿಲ್ಲ.