ಒಂದೇ ಮೈಕಿನ ಮುಂದೆ

ಮನೆಯಲ್ಲೇ ಗಿಟಾರು ನುಡಿಸುತ್ತ ಹಾಡಿ ಅದನ್ನು ರೆಕಾರ್ಡ್ ಮಾಡಿಕೊಳ್ಳುವ ನಮ್ಮಂಥವರ ಹತ್ತಿರ ಸಾಮಾನ್ಯವಾಗಿ ಇರುವುದು ಒಂದೇ ಮೈಕು. ದನಿಗೊಂದು, ಗಿಟಾರಿಗೊಂದು ಬೇಕಿತ್ತು, ದುಡ್ಡಿಲ್ಲ, ಜಾಗವಿಲ್ಲ, ಹಾಗಾಗಿ ಒಂದರಲ್ಲೇ ಹೊಂದಿಸಿಕೊಂಡಿದ್ದೇವೆ ಎಂಬುದು ನಮ್ಮ ಸಾಮಾನ್ಯ ಗೊಣಗಾಟ. ಧ್ವನಿಮುದ್ರಣದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದ ಮೇಲೆ ನನಗೆ ಈ ಗೊಣಗಾಟ ಸರಿ ಅನ್ನಿಸುತ್ತಿಲ್ಲ. ಒಂದೇ ಮೈಕು ಬಡವರ ಅಡ್ಡದಾರಿಯಲ್ಲ. ಹಾಡು ಯಂತ್ರದೊಳಗೆ ಇಳಿದ ಮೊದಲ ದಾರಿಯೇ ಅದು.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯೊಂದನ್ನೇ ಸ್ಟುಡಿಯೊ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಆಗ ಧ್ವನಿಮುದ್ರಣಕ್ಕೆ ಮೈಕು ಬಳಕೆಗೆ ಬಂದಿರಲಿಲ್ಲ. ಇದ್ದದ್ದು ದೊಡ್ಡ ತುತ್ತೂರಿ. ಅದರ ಬಾಯಿಗೆ ಹಾಡಿದರೆ ಇನ್ನೊಂದು ತುದಿಯ ತೆಳು ಪರದೆ ಅದುರಿ, ಅದಕ್ಕೆ ಅಂಟಿದ ಮುಳ್ಳು ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ವಿದ್ಯುತ್ತಿನ ಸಹಾಯವಿಲ್ಲ, ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಹಾಡುವವರು ಮುಖವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಮೆತ್ತಗಿನ ಜಾಗದಲ್ಲಿ ತುತ್ತೂರಿಯೊಳಗೇ ಬಗ್ಗಬೇಕು. ಸುಮಾರು ಮೂರು ನಿಮಿಷದಲ್ಲಿ ತಟ್ಟೆ ಮುಗಿಯುತ್ತಿತ್ತು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಗೌಹರ್ ಜಾನ್ ಆ ಮೂರು ನಿಮಿಷಕ್ಕೆ ಇಳಿಸಿದರು, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ತಟ್ಟೆ ಯಾರದ್ದು ಎಂದು ಅಲ್ಲಿಯವರಿಗೆ ಗೊತ್ತಾಗಲು ಈ ಏರ್ಪಾಟು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ತುತ್ತೂರಿಯ ಕಾಲದಲ್ಲಿ ಗಿಟಾರಿಗೆ ಒಳ್ಳೆಯ ದಿನಗಳಿರಲಿಲ್ಲ. ಅದರ ದನಿ ಮೆತ್ತಗೆ, ಮೇಣದ ಮೇಲೆ ಸರಿಯಾಗಿ ಮೂಡುತ್ತಿರಲಿಲ್ಲ. ಅದಕ್ಕೇ ಅಮೆರಿಕದ ಹಳೆಯ ತಟ್ಟೆಗಳಲ್ಲಿ ಕಿಣಿಕಿಣಿ ಎನ್ನುವ ಬ್ಯಾಂಜೊ ಜೋರು. ಪಿಟೀಲಿಗೂ ಒಂದು ತಗಡಿನ ತುತ್ತೂರಿ ಕಟ್ಟಿ ನುಡಿಸಿದ್ದುಂಟು. 1925ರಲ್ಲಿ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ವಿದ್ಯುತ್ ಧ್ವನಿಮುದ್ರಣಕ್ಕೆ ಬಂದ ಮೇಲೆ ಲೆಕ್ಕ ಬದಲಾಯಿತು. ಈಗ ಪಿಸುಮಾತೂ ದಾಖಲಾಗುತ್ತಿತ್ತು. ಎದೆಗೊರಗಿಸಿಕೊಂಡು ನುಡಿಸುವ ಗಿಟಾರು, ಎದುರು ಕೂತವರಿಗೆ ಹೇಳಿದಂತೆ ಹಾಡುವ ದನಿ, ಎರಡೂ ಒಟ್ಟಿಗೆ ಕೇಳಿಸತೊಡಗಿದ್ದು ಮೈಕಿನಿಂದ.

ಈ ಜೋಡಿಯ ಪ್ರಸಿದ್ಧ ಉದಾಹರಣೆ ರಾಬರ್ಟ್ ಜಾನ್ಸನ್. 1936ರ ನವೆಂಬರ್‌ನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಗಂಟರ್ ಹೋಟೆಲಿನ ಕೋಣೆಯಲ್ಲಿ ಆತ ಗಿಟಾರು ಹಿಡಿದು ಕೂತ. ಮರುವರ್ಷ ಡಲ್ಲಾಸಿನಲ್ಲಿ ಇನ್ನಷ್ಟು. ಒಟ್ಟು 29 ಹಾಡು, ಅಷ್ಟೇ ಆತನ ಆಸ್ತಿ. ಆತ ಗೋಡೆಯ ಮೂಲೆಗೆ ಮುಖ ಮಾಡಿ ಹಾಡಿದ ಎಂಬ ಕತೆಯಿದೆ. ಮುದ್ರಣದ ಉಸ್ತುವಾರಿ ವಹಿಸಿದ್ದ ಡಾನ್ ಲಾ ಅದನ್ನು ನಾಚಿಕೆ ಎಂದುಕೊಂಡ. ಎಷ್ಟೋ ವರ್ಷಗಳ ಮೇಲೆ ಗಿಟಾರು ವಾದಕ ರೈ ಕೂಡರ್, ಅದು ನಾಚಿಕೆಯಲ್ಲ, ಗಟ್ಟಿ ಗೋಡೆಗಳ ಮೂಲೆಯಲ್ಲಿ ಗಿಟಾರಿನ ಸದ್ದು ತುಂಬಿಕೊಂಡು ಬರಲೆಂದು ಮಾಡಿದ ಉಪಾಯ ಎಂದ. ಯಾರು ಸರಿಯೋ, ಎರಡನೆಯ ಮಾತನ್ನು ನಿಮ್ಮ ಮನೆಯ ಮೂಲೆಯಲ್ಲಿ ಕೂತು ಪರೀಕ್ಷಿಸಬಹುದು.

ಹೋಟೆಲು ಕೋಣೆ ಬಿಟ್ಟು ನಮ್ಮ ಕಡೆ ಬರೋಣ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ 30 ವ್ಯಾಟಿನ ಪುಟ್ಟ ಯಂತ್ರವಿಟ್ಟು ರೇಡಿಯೊ ಪ್ರಸಾರ ಶುರು ಮಾಡಿದರು. ಕುವೆಂಪು ಅಲ್ಲಿ ಕವಿತೆ ಓದಿದರು. ಮುಂದೆ ದೇಶದ ರೇಡಿಯೊಗೆಲ್ಲ ಅಂಟಿಕೊಂಡ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಮನೆಯಿಂದ. ಅದೇ ವರ್ಷದ ಫೆಬ್ರುವರಿ 3ರಂದು ಹೈದರಾಬಾದಿನಲ್ಲಿ ನಿಜಾಮರ ಸರ್ಕಾರದ ದಖ್ಖನ್ ರೇಡಿಯೊ ಪ್ರಸಾರ ಆರಂಭಿಸಿತ್ತು. ಮನೆಯಲ್ಲಿ ಕೂತು ಮೈಕಿನ ಮುಂದೆ ಬಾಯಿ ತೆರೆಯುವುದು ಮೊಬೈಲಿನ ಜೊತೆ ಬಂದ ಹೊಸ ಹುಚ್ಚಲ್ಲ ಎನ್ನಲು ವಿಠ್ಠಲ ವಿಹಾರವೇ ಸಾಕ್ಷಿ.

ದಾರಿ ಬೇರೆಯಾದದ್ದು ಟೇಪು ಬಂದ ಮೇಲೆ. 1957ರಲ್ಲಿ ಆಂಪೆಕ್ಸ್ ಕಂಪನಿ ಗಿಟಾರು ವಾದಕ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಯಂತ್ರ ಮಾಡಿಕೊಟ್ಟಿತು. ಒಂದೊಂದನ್ನೂ ಬೇರೆ ಬೇರೆ ಮುದ್ರಿಸಿ, ಯಾವುದು ಎಷ್ಟು ಕೇಳಬೇಕೆಂದು ಆಮೇಲೆ ನಿರ್ಧರಿಸಬಹುದು. ಇದರಿಂದ ಆದ ಲಾಭ ದೊಡ್ಡದು. ಆದರೆ ಆ ‘ಆಮೇಲೆ’ ಎಂಬ ಸೌಲಭ್ಯ ಬಂದ ಮೇಲೆ ಹಾಡುವವರ ಕೈಯಲ್ಲಿದ್ದ ಕೆಲಸವೊಂದು ಎಂಜಿನಿಯರನ ಮೇಜಿಗೆ ಹೋಯಿತು. ಒಂದೇ ಮೈಕು ಅದನ್ನು ನಮಗೆ ವಾಪಸು ಕೊಡುತ್ತದೆ.

ಆ ಕೆಲಸ ಎಂದರೆ ದೂರ ನಿರ್ಧರಿಸುವುದು. ಸದ್ದು ಹುಟ್ಟುವ ಜಾಗದಿಂದ ದೂರ ಇಮ್ಮಡಿಯಾದರೆ ನೇರವಾಗಿ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಬಾಯಿಯಿಂದಲೂ ಗಿಟಾರಿನಿಂದಲೂ ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ಎದೆಯ ಮಟ್ಟದಲ್ಲಿ ಮೈಕು ಇಟ್ಟು ಶುರು ಮಾಡಿ. ದನಿ ಸಾಲದಿದ್ದರೆ ಮೈಕನ್ನು ನಾಲ್ಕು ಬೆರಳು ಮೇಲಕ್ಕೆತ್ತಿ. ಗಿಟಾರು ಗುಂಯ್‌ಗುಡುತ್ತಿದ್ದರೆ ಮೈಕು ಅದರ ಹೊಟ್ಟೆಯ ತೂತಿಗೆ ನೇರ ನೋಡುತ್ತಿದೆ ಎಂದರ್ಥ, 12ನೇ ಫ್ರೆಟ್ಟಿನ ಕಡೆಗೆ ತಿರುಗಿಸಿ. ಎರಡು ಮೈಕು ಇಟ್ಟರೆ ಇನ್ನೊಂದು ತೊಡಕು: ಒಂದೇ ದನಿ ಎರಡಕ್ಕೂ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಆ ದೂರಗಳಲ್ಲಿ ಬರೀ 17 ಸೆಂಟಿಮೀಟರ್ ವ್ಯತ್ಯಾಸವಿದ್ದರೂ, ಎರಡನ್ನೂ ಕೂಡಿಸಿದಾಗ 1000 ಹರ್ಟ್ಸ್‌ನ ಸುತ್ತಮುತ್ತ ದನಿ ಸೊರಗಿ, ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಒಂದೇ ಮೈಕಿಗೆ ಈ ಜಗಳವಿಲ್ಲ.

ನಾನಿರುವುದು ಮಲ್ಕಾಜ್‌ಗಿರಿಯಲ್ಲಿ, ರೈಲು ಹಳಿಗಳ ಮಗ್ಗುಲಿಗೆ. ಆಚೆ ಮೌಲಾಲಿಯ ಎಂಜಿನ್ ಶೆಡ್, ಈಚೆ ಲಾಲಾಗುಡದ ವರ್ಕ್‌ಶಾಪು. ಹಾರ್ನು ಕೇಳದ ಗಂಟೆಯಿಲ್ಲ. ಇಲ್ಲಿ ನೆರವಿಗೆ ಬರುವುದು ಇನ್ನೊಂದು ಚರಿತ್ರೆ. 1939ರಲ್ಲಿ ಶೂರ್ ಕಂಪನಿಯ ಬೆನ್ ಬಾವರ್, ಎದುರಿನದ್ದನ್ನು ಹೆಚ್ಚು, ಬೆನ್ನಿನದ್ದನ್ನು ಕಡಿಮೆ ಕೇಳುವ ‘ಯೂನಿಡೈನ್’ ಮೈಕನ್ನು ಒಂದೇ ಪರದೆಯಿಂದ ಸಾಧಿಸಿದ. ಇವತ್ತು ನಾವು ಕೊಳ್ಳುವ ಅಗ್ಗದ ಮೈಕುಗಳಲ್ಲೂ ಬಹಳಷ್ಟು ಇದೇ ಗುಣದವು. ಹಾಗಾಗಿ ಮೈಕಿನ ಬೆನ್ನು ಹಳಿಯ ಕಡೆ, ಮುಖ ನನ್ನ ಕಡೆ. ನನ್ನ ಬೆನ್ನಿಗೆ ಊರಿಂದ ತಂದ ದಪ್ಪ ಕೌದಿ ತೂಗುಹಾಕುತ್ತೇನೆ. ಗೋಡೆಯಿಂದ ಮರಳುವ ಸದ್ದನ್ನು ಅದು ನುಂಗುತ್ತದೆ. ಫ್ಯಾನು ಬಂದ್, ಫ್ರಿಜ್ಜು ಬಂದ್.

ಇಷ್ಟೆಲ್ಲ ಯಾಕೆ ಎಂದರೆ ಮನೆಯಲ್ಲಿ ದೊಡ್ಡವ್ವ ಇದ್ದಾಳೆ. ಬೀದರ್ ಕಡೆಯವಳು. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಕಡೆಯವರಿಗೆ ಹೈದರಾಬಾದ್ ಎಂದರೆ ಇವತ್ತಿಗೂ ಪರದೇಶವಲ್ಲ. ಆದರೂ ಮನೆಯ ಮಕ್ಕಳಿಗೆ ತೆಲುಗು, ಇಂಗ್ಲಿಷು ಸಲೀಸು. ದೊಡ್ಡವ್ವನ ಬೀಸುಕಲ್ಲಿನ ಪದಗಳಲ್ಲಿ ಅರ್ಧಕ್ಕರ್ಧ ಮಾತು ಅವರಿಗೆ ತಿಳಿಯುವುದಿಲ್ಲ. ಆ ಪದಗಳನ್ನು ಬರೆದಿಟ್ಟವರು ಮನೆಯಲ್ಲಿ ಯಾರೂ ಇಲ್ಲ. ಅವಳ ಕಿವಿಗೆ ಹೆಡ್‌ಫೋನು ಹಾಕಿ, ಮೊದಲು ಗಿಟಾರು ಕೇಳಿಸಿ, ಅದರ ಮೇಲೆ ಹಾಡು ಎಂದರೆ ಅವಳು ಹಾಡುವವಳಲ್ಲ. ಎದುರಿಗೆ ಕೂತು, ಅವಳ ಶ್ರುತಿಗೆ ತಂತಿ ಹೊಂದಿಸಿ, ಅವಳು ನಿಂತಲ್ಲಿ ನಿಂತು, ನಡೆದಲ್ಲಿ ನಡೆದು ನುಡಿಸಬೇಕು. ನಡುವೆ ಮೈಕು, ಅವಳ ಕಡೆಗೆ ಒಂದು ಗೇಣು ಹತ್ತಿರ.

“ತಮ್ಮಾ, ಇದರೊಳಗ ಎಷ್ಟೊತ್ತು ಹಾಡಬೇಕು?” ಎಂದು ಕೇಳಿದಳು.

“ನಿನಗ ಬೇಕಾದಷ್ಟು, ದೊಡ್ಡವ್ವ.”

ಅವಳು ಹನ್ನೊಂದು ನಿಮಿಷ ಹಾಡಿದಳು. ನಡುವೆ ಗೂಡ್ಸ್ ಗಾಡಿ ಬಂತು. ಅದು ಹೋಗುವ ತನಕ ಸುಮ್ಮನಿದ್ದು, ಬಿಟ್ಟ ನುಡಿಯಿಂದಲೇ ಮತ್ತೆ ಎತ್ತಿಕೊಂಡಳು. ಆ ರೈಲನ್ನು ನಾನು ಕತ್ತರಿಸಿ ತೆಗೆದಿಲ್ಲ. ಒಂದೇ ಮೈಕಿನಲ್ಲಿ ಹಾಡು, ಕೋಣೆ, ಹಳಿ ಯಾವುದನ್ನೂ ಬಿಡಿಸಿ ತೆಗೆಯಲಾಗದು ಎಂಬುದು ನಿಜ. ಆದರೆ ಬೀದರಿನ ಪದವೊಂದು ಎಲ್ಲಿ, ಯಾವ ಸದ್ದಿನ ನಡುವೆ ಉಳಿದುಕೊಂಡಿತ್ತು ಎಂಬ ಮಾಹಿತಿಯೂ ಅದರಲ್ಲೇ ಸೇರಿಕೊಂಡಿದೆ.

ನಿಮ್ಮ ಮನೆಯಲ್ಲೂ ಇಂಥ ದನಿಯೊಂದಿದ್ದರೆ ಎರಡನೇ ಮೈಕಿಗೆ ಕಾಯಬೇಡಿ. ಹಾಡು ಮುಗಿದ ಮೇಲೆ ಒಂದು ಕೆಲಸ ಮಾತ್ರ ಮರೆಯದೆ ಮಾಡಿಸಿ: ಹೆಸರು, ಊರು, ತಾರೀಖು ಅವರ ಬಾಯಲ್ಲೇ ಹೇಳಿಸಿ. ಫೋನು ಬದಲಾಗುತ್ತದೆ, ಫೈಲಿನ ಹೆಸರು ಅಳಿಸಿಹೋಗುತ್ತದೆ. ದನಿಯೊಳಗೇ ಇರುವ ಹೆಸರು ಉಳಿಯುತ್ತದೆ. ಗೌಹರ್ ಜಾನ್ ಹೆಸರು ಹೇಳಿದ್ದು ಹ್ಯಾನೋವರಿನ ಅಪರಿಚಿತರಿಗಾಗಿ. ನಮ್ಮವರು ಹೇಳುವುದು, ಮುಂದೊಂದು ದಿನ ಈ ದನಿ ಯಾರದ್ದು ಎಂದು ಕೇಳಬಹುದಾದ ನಮ್ಮ ಮನೆಯ ಮಕ್ಕಳಿಗಾಗಿ.