ಎಸ್ಪೆರಾಂಟೊ ನಾಮಪದಗಳು ಮತ್ತು ಸರ್ವನಾಮಗಳು

ಎಸ್ಪೆರಾಂಟೊ ಎಲ್. ಎಲ್. ಜಾಮೆನ್‌ಹಾಫ್ ಅವರು ರಚಿಸಿ 1887ರಲ್ಲಿ ವಾರ್ಸಾ ನಗರದಲ್ಲಿ ಪ್ರಕಟಿಸಿದ ಕೃತಕ ಭಾಷೆ. ಇದರ ನಾಮಪದ ಮತ್ತು ಸರ್ವನಾಮಗಳ ರೂಪಗಳು ಕೆಲವೇ ನಿಯಮಗಳಿಗೆ ಒಳಪಟ್ಟಿವೆ. ಆದರೂ ಈ ಭಾಷೆಯ ಸುಧಾರಣೆಯ ಕುರಿತ ಪ್ರಮುಖ ವಿವಾದಗಳಲ್ಲಿ ಎರಡು, ಅಂದರೆ ದ್ವಿತೀಯಾ ವಿಭಕ್ತಿ ಮತ್ತು ಲಿಂಗಸೂಚನೆಗೆ ಸಂಬಂಧಿಸಿದವು, ಈ ಭಾಗದಲ್ಲಿಯೇ ಹುಟ್ಟಿವೆ.

ನಾಮಪದ

ಸಾಮಾನ್ಯ ನಾಮಪದಗಳು ‘ಒ’ ಪ್ರತ್ಯಯದಿಂದ ಕೊನೆಗೊಳ್ಳುತ್ತವೆ. ಬಹುವಚನಕ್ಕೆ ‘ಯ್’, ದ್ವಿತೀಯಾ ವಿಭಕ್ತಿಗೆ ‘ನ್’ ಸೇರುತ್ತದೆ. ಎರಡೂ ಬಂದಾಗ ವಚನಪ್ರತ್ಯಯವೇ ಮೊದಲು.

* ಲಿಬ್ರೊ – ಪುಸ್ತಕ
* ಲಿಬ್ರೊಯ್ – ಪುಸ್ತಕಗಳು
* ಲಿಬ್ರೊನ್ – ಪುಸ್ತಕವನ್ನು
* ಲಿಬ್ರೊಯ್ನ್ – ಪುಸ್ತಕಗಳನ್ನು

ಗುಣವಾಚಕವೂ ನಾಮಪದದ ವಚನ ಮತ್ತು ವಿಭಕ್ತಿಯನ್ನು ಅನುಸರಿಸುತ್ತದೆ. ಕನ್ನಡದ ‘ಒಳ್ಳೆಯ’ ಎಂಬ ಪದ ‘ಒಳ್ಳೆಯ ಪುಸ್ತಕಗಳನ್ನು’ ಎಂಬಲ್ಲಿ ಬದಲಾಗದು. ಎಸ್ಪೆರಾಂಟೊದಲ್ಲಿ ಮಾತ್ರ ‘ಬೊನಾಯ್ನ್ ಲಿಬ್ರೊಯ್ನ್’ ಎನ್ನಬೇಕು. ಉಳಿದ ವಿಭಕ್ತಿಗಳ ಅರ್ಥವನ್ನು ನಾಮಪದದ ಹಿಂದೆ ಬರುವ ‘ದೆ’ (ಷಷ್ಠಿ), ‘ಅಲ್’ (ಚತುರ್ಥಿ) ಮುಂತಾದ ಅವ್ಯಯಗಳು ಸೂಚಿಸುತ್ತವೆ.

ಕರ್ಮಪದಕ್ಕೆ ‘ನ್’ ಗುರುತು ಇರುವುದರಿಂದ ಪದಕ್ರಮ ಸಡಿಲವಾಗಿದೆ. ‘ಲಾ ಕಾತೊ ವಿದಾಸ್ ಲಾ ಹುಂದೊನ್’, ‘ಲಾ ಹುಂದೊನ್ ವಿದಾಸ್ ಲಾ ಕಾತೊ’ ಎರಡಕ್ಕೂ ಬೆಕ್ಕು ನಾಯಿಯನ್ನು ನೋಡುತ್ತದೆ ಎಂದೇ ಅರ್ಥ. ಇದೇ ಪ್ರತ್ಯಯವು ಚಲನೆಯ ದಿಕ್ಕನ್ನೂ ತಿಳಿಸುತ್ತದೆ: ‘ಎನ್ ಲಾ ದೊಮೊ’ ಎಂದರೆ ಮನೆಯಲ್ಲಿ, ‘ಎನ್ ಲಾ ದೊಮೊನ್’ ಎಂದರೆ ಮನೆಯೊಳಕ್ಕೆ.

ಸರ್ವನಾಮ

* ಮಿ – ನಾನು
* ನಿ – ನಾವು
* ವಿ – ನೀನು, ನೀವು
* ಲಿ – ಅವನು
* ಶಿ – ಅವಳು
* ಜಿ – ಅದು
* ಇಲಿ – ಅವರು, ಅವು
* ಒನಿ – ಅನಿರ್ದಿಷ್ಟ ವ್ಯಕ್ತಿ ಅಥವಾ ಜನರು
* ಸಿ – ತನ್ನ/ತಮ್ಮ ಎಂಬ ಅರ್ಥದ ಆತ್ಮಾರ್ಥಕ

ಇವುಗಳಿಗೆ ‘ಆ’ ಸೇರಿಸಿದರೆ ಸಂಬಂಧಸೂಚಕ ರೂಪ ಸಿಗುತ್ತದೆ: ಮಿಯಾ (ನನ್ನ), ವಿಯಾ (ನಿನ್ನ, ನಿಮ್ಮ). ‘ಸಿ’ ಪ್ರಥಮ ಪುರುಷಕ್ಕೆ ಸೀಮಿತವಾಗಿದ್ದು, ಕರ್ತೃಪದವಾಗಿ ಬರುವುದಿಲ್ಲ. ‘ಲಿ ಲಾವಾಸ್ ಸಿಯಾನ್ ಹುಂದೊನ್’ ಎಂದರೆ ಅವನು ತನ್ನದೇ ನಾಯಿಯನ್ನು ತೊಳೆಯುತ್ತಾನೆ. ‘ಲಿಯಾನ್’ ಎಂದರೆ ನಾಯಿ ಬೇರೊಬ್ಬನದು. ಕನ್ನಡದ ‘ತನ್ನ’, ‘ಅವನ’ ಪದಗಳ ನಡುವಿನ ವ್ಯತ್ಯಾಸ ಇದಕ್ಕೆ ಸಮೀಪವಾಗಿದೆ.

ಲಿಂಗ ಮತ್ತು ವಿವಾದಗಳು

ನಾಮಪದಗಳಿಗೆ ವ್ಯಾಕರಣಲಿಂಗವಿಲ್ಲ. ಆದರೆ ‘ಪಾತ್ರೊ’ (ತಂದೆ), ‘ಫ್ರಾತೊ’ (ಸಹೋದರ) ಮುಂತಾದ ಕೆಲವು ಪದಗಳು ಮೂಲತಃ ಪುರುಷವಾಚಕ. ‘ಇನ್’ ಸೇರಿದಾಗ ‘ಪಾತ್ರಿನೊ’ (ತಾಯಿ), ‘ಫ್ರಾತಿನೊ’ (ಸಹೋದರಿ) ಆಗುತ್ತವೆ. ಸ್ತ್ರೀವಾಚಕವನ್ನು ಪುರುಷವಾಚಕದಿಂದ ಸಾಧಿಸುವ ಈ ಕ್ರಮ ಟೀಕೆಗೆ ಗುರಿಯಾಗಿದೆ. ಪುರುಷವಾಚಕ ಪ್ರತ್ಯಯವಾಗಿ ‘ಇಚ್’, ಲಿಂಗನಿರಪೇಕ್ಷ ಸರ್ವನಾಮವಾಗಿ ‘ರಿ’ ಸೂಚಿತವಾಗಿದ್ದು, ಕೆಲವು ಭಾಷಿಕರು ಇವನ್ನು ಬಳಸುತ್ತಾರೆ.

ದ್ವಿತೀಯಾ ವಿಭಕ್ತಿ ಅನಗತ್ಯ ಹೊರೆ ಎಂಬುದು ಇನ್ನೊಂದು ಆಕ್ಷೇಪ. 1907ರಲ್ಲಿ ಪ್ರಕಟವಾದ ಸುಧಾರಿತ ರೂಪ ‘ಇಡೊ’, ಕರ್ಮಪದವು ಕರ್ತೃಪದಕ್ಕಿಂತ ಮೊದಲು ಬಂದಾಗ ಮಾತ್ರ ‘ನ್’ ಪ್ರತ್ಯಯವನ್ನು ಕಡ್ಡಾಯಗೊಳಿಸಿತು. ಎಸ್ಪೆರಾಂಟೊ ಸಮುದಾಯವಾದರೋ 1905ರ ಬುಲೋನ್ ಸಮ್ಮೇಳನದಲ್ಲಿ ಮೂಲ ನಿಯಮಗ್ರಂಥವಾದ ‘ಫುಂದಾಮೆಂತೊ’ವನ್ನು ಬದಲಿಸಲಾಗದ ಆಧಾರವೆಂದು ಒಪ್ಪಿಕೊಂಡಿತ್ತು. ಆದ್ದರಿಂದ ಹೊಸ ರೂಪಗಳು ಹಳೆಯವನ್ನು ರದ್ದುಪಡಿಸದೆ, ಬಳಕೆಯ ಬಲದಿಂದಲೇ ನೆಲೆ ಕಂಡುಕೊಳ್ಳಬೇಕಾಗಿದೆ.